ಎಳೆದರೆ ನಿಲ್ಲುವ ಹಿಡಿ

ನಮ್ಮ ಹಿತ್ತಿಲ ಬಾಗಿಲಿಗೆ ಚಿಲಕವಿಲ್ಲ. ಚಿಲಕ ಇರಬೇಕಾದ ಜಾಗದಲ್ಲಿ ಗೇಣುದ್ದದ ಒಂದು ಕಬ್ಬಿಣದ ಹಿಡಿ ಇದೆ. ಅದರ ತುದಿಗೆ ನಿಂಬೆಹಣ್ಣಿನ ಗಾತ್ರದ ಕೆಂಪು ಗುಂಡು. ಮುಂದಕ್ಕೆ ದೂಡಿದರೆ ಬಾಗಿಲು ತೆರೆಯುತ್ತದೆ, ಎಳೆದರೆ ಇನ್ನಷ್ಟು ಬಿಗಿಯಾಗುತ್ತದೆ. ಮನೆಗೆ ಬಂದವರೆಲ್ಲ ಮೊದಲು ಎಳೆಯುತ್ತಾರೆ. ಎಳೆದು ಎಳೆದು ಸೋತು, ಯಾರೋ ತಮ್ಮನ್ನು ಕೂಡಿಹಾಕಿದ ಹಾಗೆ ಸುತ್ತಮುತ್ತ ನೋಡುತ್ತಾರೆ. ‘ದೂಡ್ರಿ, ದೂಡ್ರಿ’ ಎಂದು ಪಡಸಾಲೆಯಿಂದ ಕೂಗುವುದು ನನಗೆ ಉಸಿರಾಡಿದಷ್ಟೇ ರೂಢಿಯಾಗಿದೆ. ನನ್ನ ಹೆಂಡತಿ ಬೇಸತ್ತು ಹೊಸ ಚಿಲಕ ತಂದಿಟ್ಟು ವರ್ಷಗಳಾದವು. ಅದು ಪೊಟ್ಟಣದಲ್ಲೇ ಕೂತು ತುಕ್ಕು ಹಿಡಿಯುತ್ತಿದೆ.

ಈ ಹಿಡಿ ಒಂದು ಕಾಲಕ್ಕೆ ತುಂಗಭದ್ರೆಯ ಮೇಲೆ ಓಡಾಡಿದ್ದು. ನನ್ನ ಸೋದರಮಾವ ಗಾದಿಲಿಂಗಪ್ಪನ ಹಾಯಿದೋಣಿಯಲ್ಲಿ, ಚುಕ್ಕಾಣಿ ಹಿಡಿದು ಕೂರುವ ಇಕ್ಕಟ್ಟಾದ ಗುಂಡಿಯಲ್ಲಿ, ಅವನ ಬಲಮೊಣಕಾಲಿನ ಪಕ್ಕ ಅದರ ವಾಸ. ಅದು ಎಲ್ಲಿರಬೇಕು, ಎಷ್ಟು ಉದ್ದವಿರಬೇಕು, ಯಾವ ಕಡೆ ಹೊರಳಿಸಿದರೆ ಏನಾಗಬೇಕು ಎಂಬುದರ ಮೇಲೆ ಮಾವ ಹೊಳೆಯಲ್ಲಿ ಉಳಿಯುತ್ತಾನೋ ದಂಡೆಗೆ ಬಂದು ಕೂರುತ್ತಾನೋ ಎಂಬುದು ನಿಂತಿತ್ತು. ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಯಾಕೆಂದರೆ ನನಗೆ ಬಳ್ಳಾರಿಯಲ್ಲಿ ಸೈಕಲ್ ಅಂಗಡಿಯಿತ್ತು. ಸೈಕಲ್ಲಿಗೂ ದೋಣಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಆಗ ಯಾರೂ ಕೇಳಲಿಲ್ಲ. ಅದೇ ತೊಂದರೆಯಾದದ್ದು.

ಎಪ್ಪತ್ತರ ದಶಕದ ನಡುವಿನ ಮಾತು. ಸಿರುಗುಪ್ಪದ ಹತ್ತಿರ ಕೆಂಚನಗುಡ್ಡದ ಹೊಳೆಯಲ್ಲಿ ಆಗ ಹರಿಗೋಲುಗಳದೇ ರಾಜ್ಯ. ಗಿರಗಿರನೆ ತಿರುಗುತ್ತ ಹೋಗುವ ತೊಗಲ ಬುಟ್ಟಿಗಳು. ಅವುಗಳ ನಡುವೆ ಮಾವನ ದೋಣಿಯೊಂದೇ ಮೂಗು ಮುಂದೆ ಮಾಡಿಕೊಂಡು ಹೋಗುವ ಜಾತಿಯದು. ಹರೆಯದಲ್ಲಿ ಅವನು ಮನೆ ಬಿಟ್ಟು ಆಂಧ್ರದ ಕಡೆ ಹೋಗಿ, ಗೋದಾವರಿಯ ಮೇಲೆ ಮರಳಿನ ದೋಣಿಗಳಲ್ಲಿ ದುಡಿದು ಬಂದಿದ್ದ. ಬರುವಾಗ ಒಂದಿಷ್ಟು ತೆಲುಗು ಬೈಗುಳ ಮತ್ತು ಹಾಯಿಯ ಹುಚ್ಚು ತಂದ. ಮತ್ತಿ ಮರದ ಹಲಗೆ ಕಡಿಸಿ ದೋಣಿ ಮಾಡಿಸಿದ. ಹಾಯಿ ಹೊಲಿಸಲು ಬಳ್ಳಾರಿಗೆ, ನನ್ನ ಅಂಗಡಿಯ ಪಕ್ಕದಲ್ಲಿ ಪ್ಯಾಂಟು ಹೊಲಿಯುವ ಟೇಲರ್ ಹತ್ತಿರ ಬಂದ. ಬಿಳಿ ದಪ್ಪಬಟ್ಟೆಯನ್ನು ಬೀದಿಯುದ್ದಕ್ಕೂ ಹಾಸಿಕೊಂಡು ಅಳತೆ ತೆಗೆದ ಟೇಲರ್, ರೂಢಿಬಲದಿಂದ, ‘ಜೇಬು ಎರಡು ಇಡ್ಲೋ, ಒಂದ ಸಾಕೋ?’ ಎಂದು ಕೇಳಿದ. ಮಾವ ಯೋಚಿಸಿ, ‘ಒಂದು ಇರಲಿ, ಎಲಿ ಅಡಿಕಿಗೆ ಆಗ್ತೈತಿ’ ಎಂದ. ಹಾಗೆ ತುಂಗಭದ್ರೆಯ ಮೇಲೆ ಜೇಬಿರುವ ಹಾಯಿಯೊಂದು ಓಡಾಡಿತು.

ಒಂದೇ ಕೊರತೆ. ನಮ್ಮ ಕಡೆ ಹೊಳೆ ಹರಿಯುವುದೂ ಮೂಡಣಕ್ಕೆ, ಆಷಾಢದ ಗಾಳಿ ಬೀಸುವುದೂ ಮೂಡಣಕ್ಕೆ. ಹೋಗುವಾಗ ಹಾಯಿ ಬಿಚ್ಚಿದರೆ ಸಾಕು, ದೋಣಿ ಮದುವೆಮನೆಗೆ ಹೊರಟ ಹುಡುಗಿಯ ಹಾಗೆ ಹೋಗುತ್ತಿತ್ತು. ಬರುವಾಗ ಇಬ್ಬರು ಆಳು ದಂಡೆಯ ಮೇಲೆ ಹಗ್ಗ ಹಿಡಿದು ಎಳೆಯಬೇಕು, ಮಾವ ಉದ್ದನೆಯ ಬಿದಿರ ಗಳ ಹಾಕಿ ನೂಕಬೇಕು. ‘ಗಾದಿಲಿಂಗಪ್ಪನ ದೋಣಿ ಹೋಗಾಕ ಐತಿ, ಬರಾಕ ಇಲ್ಲ’ ಎಂದು ಹರಿಗೋಲಿನವರು ಅವನಿಗೆ ಕೇಳುವಂತೆಯೇ ಆಡಿಕೊಳ್ಳುತ್ತಿದ್ದರು. ಮಾವ ನಗುತ್ತಿದ್ದ. ಗಳ ಹಾಕುವ ತೋಳು ಗಟ್ಟಿಯಿರುವವರೆಗೆ ನಗಬಹುದಿತ್ತು.

ಒಂದು ಬೇಸಿಗೆಯಲ್ಲಿ ಹಾಯಿಕಂಬಕ್ಕೆ ಎಣ್ಣೆ ಬಳಿಯಲು ಹತ್ತಿದವನು ಜಾರಿ ಕಲ್ಲಿನ ಮೇಲೆ ಬಿದ್ದ. ಬಲಗೈ ಭುಜದಿಂದ ಮೇಲೆ ಏಳದಂತಾಯಿತು. ಎಣ್ಣೆ ತಿಕ್ಕಿದ್ದಾಯಿತು, ಕಟ್ಟು ಕಟ್ಟಿಸಿದ್ದಾಯಿತು. ಕೈ ಅನ್ನ ಕಲಸುವಷ್ಟಕ್ಕೆ, ಬೀಡಿ ಹಚ್ಚುವಷ್ಟಕ್ಕೆ ಬಂತು. ಗಳ ಎತ್ತುವಷ್ಟಕ್ಕೆ ಬರಲಿಲ್ಲ.

ಮಾವನ ಹೆಂಡತಿ ಹುಲಿಗೆಮ್ಮತ್ತೆ ಕಾಯುತ್ತಿದ್ದುದು ಇದಕ್ಕೇ ಎಂದಲ್ಲ. ಆದರೆ ಸಿಕ್ಕಿದ್ದನ್ನು ಅವಳು ಬಿಡಲಿಲ್ಲ. ಅವಳು ಕುರುಗೋಡಿನವಳು. ಗುಡ್ಡ, ಬಂಡೆ, ಬಾವಿ ನೋಡಿ ಬೆಳೆದವಳು. ನೀರು ಎಂದರೆ ಬಾವಿಯ ತಳದಲ್ಲಿ ಸುಮ್ಮನೆ ಕೂತಿರಬೇಕು ಎಂಬುದು ಅವಳ ನಂಬಿಕೆ. ನಡೆದಾಡುವ ನೀರನ್ನು ಅವಳು ಒಂದು ದಿನವೂ ನಂಬಲಿಲ್ಲ. ಗಂಡ ಹೊಳೆಯಿಂದ ಬರುವವರೆಗೆ ಬಾಗಿಲಲ್ಲಿ ನಿಂತು ನಿಂತು ಹೊಸ್ತಿಲ ಒಂದು ಮಗ್ಗುಲು ಸವೆದಿತ್ತು ಎಂದರೆ ಸ್ವಲ್ಪ ಹೆಚ್ಚಾಗಬಹುದು, ಆದರೆ ತೀರ ಸುಳ್ಳಾಗದು.

‘ಸಾಕು ಮಾಡ್ರಿ’ ಎಂದಳು. ‘ಹೊಲ ಐತಿ, ಕಾಲುವಿ ನೀರು ಬಂದೈತಿ. ಭತ್ತ ಬೆಳದು ಉಣ್ಣೋನು.’

‘ಎಂಜಿನ್ ಹಚ್ಚಿಸಿದ್ರ ಗಳ ಯಾಕ ಬೇಕು?’ ಎಂದ ಮಾವ.

‘ಚುಕ್ಕಾಣಿ ಎಡಗೈಯಾಗ ಹಿಡೀತೀರಿ. ಎಂಜಿನ್ನ ಯಾರು ನೋಡ್ತಾರ? ಹಾಯಿ ಹಗ್ಗ ಯಾರು ಹಿಡೀತಾರ?’

‘ನಾನೊಬ್ಬನ.’

ಅತ್ತೆ ಅಕ್ಕಿ ಆರಿಸುವ ಮೊರವನ್ನು ಕೆಳಗಿಟ್ಟು ಹೇಳಿದಳು: ‘ಹಂಗಾರ ಕೇಳ್ರಿ. ಹೊಳಿ ತುಂಬಿದಾಗ ಒಂದು ದಿನ ನನ್ನ ಕುಂದ್ರಿಸಿಕೊಂಡು ಆ ದಂಡಿಗೆ ಹೋಗಿ ಈ ದಂಡಿಗೆ ಬರ್ರಿ. ನೀವೊಬ್ಬರ ನಡಸಬೇಕು. ನಾನು ಬಾಯಿ ಬಿಡೂದಿಲ್ಲ, ಕೈ ಹಾಕೂದಿಲ್ಲ. ಬಂದ್ರಿ, ದೋಣಿ ನಿಮ್ದು. ನಿಮ್ಮ ಕೈಲೆ ಆಗದ ಇನ್ನೊಬ್ರ ಕೈ ಹಚ್ಚಿಸಿಕೊಂಡ್ರಿ, ಕಟ್ಟಿಗಿ ನಂದು. ವರ್ಷ ಒಲಿಗೆ ಆಗ್ತೈತಿ.’

ನಾನು ಅಲ್ಲೇ ಕೂತು ಮಂಡಕ್ಕಿ ತಿನ್ನುತ್ತಿದ್ದೆ. ಮಾವ ನನ್ನ ಕಡೆ ನೋಡಿದ. ‘ಲೇ ಸಿದ್ಲಿಂಗ, ಬ್ರೇಕು, ಕೇಬಲ್ಲು ಎಲ್ಲ ನಿನ್ನ ಕಡಿ ಅದಾವಲ್ಲ?’ ಎಂದ. ಅದಾವೆ ಎಂದೆ. ಅಷ್ಟರಲ್ಲಿ ನಾನು ದೋಣಿಯ ಎಂಜಿನಿಯರ್ ಆಗಿದ್ದೆ.

ಎಂಜಿನ್ ಅತ್ತೆಯ ತವರಿನಲ್ಲೇ ಸಿಕ್ಕಿತು. ಅದೂ ಅವಳ ಅಣ್ಣನ ಹೊಲದಲ್ಲಿ. ಕಾಲುವೆ ಬಂದ ಮೇಲೆ ಅವರ ಬಾವಿಯ ಡೀಸೆಲ್ ಎಂಜಿನ್ನಿಗೆ ಕೆಲಸವಿರಲಿಲ್ಲ. ಕೋಳಿಗಳು ಅದರ ಮೇಲೆ ಕೂತು ಸಂಸಾರ ಮಾಡಿದ್ದವು. ಸ್ವಂತ ತವರಿನಿಂದಲೇ ಸವತಿ ಬಂದಂತೆ ಅತ್ತೆ ಆ ಎಂಜಿನ್ನನ್ನು ನೋಡಿದಳು. ಸಿರುಗುಪ್ಪದಲ್ಲಿ ಪಂಪುಸೆಟ್ಟು ರಿಪೇರಿ ಮಾಡುವ ಮಸ್ತಾನ್ ಸಾಬ ಅದನ್ನು ದೋಣಿಯ ನಡುವೆ ಕೂರಿಸಿ, ಅಕ್ಕಿ ಗಿರಣಿಯ ಹಾಗೆ ಬೆಲ್ಟು ಹಾಕಿ, ಹಿಂದೆ ನೀರಿನೊಳಗಿನ ಪಂಖಕ್ಕೆ ಜೋಡಿಸಿದ. ಬೆಲ್ಟು ಬಿಗಿಯಾದರೆ ಪಂಖ ತಿರುಗುತ್ತದೆ, ಸಡಿಲವಾದರೆ ಎಂಜಿನ್ ಒಂದೇ ತನ್ನಷ್ಟಕ್ಕೆ ಬಡಿದುಕೊಳ್ಳುತ್ತಿರುತ್ತದೆ. ಅಷ್ಟೇ ವಿದ್ಯೆ.

ಇನ್ನುಳಿದದ್ದು ಹಿಡಿಗಳು. ಮಾವ ಕೂರುವ ಗುಂಡಿ ಎಷ್ಟು ಇಕ್ಕಟ್ಟೆಂದರೆ, ಅಲ್ಲಿ ಕೂತರೆ ತೊಡೆ ಕೆರೆದುಕೊಳ್ಳಲೂ ಮುಂಗಡವಾಗಿ ಯೋಚಿಸಬೇಕು. ಎಡಗಡೆ ಚುಕ್ಕಾಣಿಯ ಮರ ಅತ್ತಿತ್ತ ಆಡುತ್ತದೆ. ತಲೆಯ ಮೇಲೆ ಹಾಯಿಯ ಹಗ್ಗ. ಅದು ಯಾವ ಗಳಿಗೆಯಲ್ಲಿ ಯಾವುದಕ್ಕೆ ಸುತ್ತಿಕೊಳ್ಳುತ್ತದೋ ತಿಳಿಯದು. ಹೊರಚಾಚಿದ ಹಿಡಿ ಇಟ್ಟರೆ ಹಗ್ಗ ಸಿಕ್ಕಿಕೊಳ್ಳುತ್ತದೆ, ಇಲ್ಲ ಕೂತವರ ಸೆರಗು ಸಿಕ್ಕಿಕೊಳ್ಳುತ್ತದೆ. ಒಳಗೆ ಮರೆಯಾಗಿ ಇಟ್ಟರೆ ಮಾವನ ಬಲಗೈ ಅಲ್ಲಿಗೆ ಬಗ್ಗಬೇಕು. ಬಗ್ಗುತ್ತದೆಯೋ ಇಲ್ಲವೋ ಎಂಬುದು ಆ ದಿನದ ನೋವಿನ ಮೇಲೆ ನಿಂತದ್ದು. ನಾನು ಗುಂಡಿಯಲ್ಲಿ ಕೂತು ಕಣ್ಣು ಮುಚ್ಚಿ ಕೈಚಾಚಿ ನೋಡಿದೆ. ಮಾವನನ್ನು ಕೂರಿಸಿ ಕಣ್ಣು ಮುಚ್ಚಿಸಿ ನೋಡಿದೆ. ದಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದವರು, ‘ಮಾವ ಅಳಿಯ ಕಣ್ಣಮುಚ್ಚಾಲಿ ಆಡಾಕತ್ಯಾರ’ ಎಂದು ನಕ್ಕರು.

ಬಳ್ಳಾರಿಯ ಕೌಲ್‌ಬಜಾರಿನ ಗುಜರಿಗಳನ್ನೆಲ್ಲ ಜಾಲಾಡಿದೆ. ಆಗೆಲ್ಲ ನನಗೆ ಲೋಕದ ಯಾವ ಕಷ್ಟವನ್ನಾದರೂ ಬ್ರೇಕಿನ ಕೇಬಲ್ಲಿನಿಂದ ಸರಿಮಾಡಬಹುದು ಎಂಬ ಧೈರ್ಯವಿತ್ತು. ಸೈಕಲ್ ಬ್ರೇಕಿನ ಹಿಡಿ ಹಚ್ಚಿದೆ; ಅದನ್ನು ಬೆರಳಿನಿಂದ ಹಿಡಿದೇ ಇರಬೇಕು, ಬಿಟ್ಟರೆ ಹೋಯಿತು. ಮೋಟರ್‌ಸೈಕಲ್ಲಿನ ತಿರುವುವ ಹಿಡಿ ತಂದೆ; ಮಾವನ ಮುಂಗೈ ತಿರುಗಲಿಲ್ಲ. ಕೊನೆಗೆ ಒಂದು ಹಳೆಯ ಟ್ರಾಕ್ಟರಿನ ಹಿಡಿ ಸಿಕ್ಕಿತು. ಹಲ್ಲುಹಲ್ಲಾಗಿ ಕೂರುವಂಥದ್ದು, ಇಟ್ಟಲ್ಲಿ ಇರುವಂಥದ್ದು. ತನ್ನ ಕಡೆ ಎಳೆದಂತೆಲ್ಲ ವೇಗ ಹೆಚ್ಚುತ್ತದೆ. ಬೆಲ್ಟು ಬಿಗಿಮಾಡಲು ಇನ್ನೊಂದು ಹಿಡಿಯನ್ನು ಕಾಲಿನ ಹತ್ತಿರ ಹಾಕಿದೆವು. ಮಸ್ತಾನ್ ಸಾಬ ನೋಡಿ, ‘ಏಂ ಪರ್ವಾಲೇದು, ಏನೂ ಚಿಂತಿಲ್ಲ, ಟ್ರಾಕ್ಟರು ಹಂಗ ಇರ್ತೈತಿ, ಲೋಕಾನ ಹಂಗ ಐತಿ’ ಎಂದ. ಲೋಕ ಹಾಗಿರುವಾಗ ನನ್ನದೇನು ಎಂದು ನಾನೂ ಒಪ್ಪಿದೆ.

ಮೊದಲ ಸಲ ನೀರಿಗೆ ಬಿಟ್ಟ ದಿನ ಅತ್ತೆ ಬರಲಿಲ್ಲ. ಒಳ್ಳೆಯದೇ ಆಯಿತು. ಹೋಗಿದ್ದೇನೋ ಚೆನ್ನಾಗಿಯೇ ಹೋದೆವು. ಹಾಯಿ ಇಲ್ಲದೆ, ಗಳ ಇಲ್ಲದೆ, ದೋಣಿ ಹರಿವಿಗೆ ಎದುರಾಗಿ ಏರುತ್ತಿದ್ದರೆ ಹರಿಗೋಲಿನವರು ಹುಟ್ಟು ಹಾಕುವುದನ್ನು ಬಿಟ್ಟು ನೋಡಿದರು. ಮಾವನ ಮುಖ ನೋಡಬೇಕಿತ್ತು. ದಂಡೆ ಹತ್ತಿರ ಬಂತು. ಒಗೆಯುವ ಕಲ್ಲುಗಳು, ಹೆಂಗಸರು, ಒಂದು ತಾಮ್ರದ ಕೊಡ. ‘ಮಾವ, ನಿಧಾನ’ ಎಂದೆ ನಾನು. ಮಾವ ಹಿಡಿಯನ್ನು ಎಳೆದ. ಎಂಜಿನ್ ಗುಡುಗಿತು. ‘ನಿಧಾನ’ ಎಂದು ಮತ್ತೆ ಕೂಗಿದೆ. ಮಾವ ಇನ್ನೂ ಜೋರಾಗಿ ಎಳೆದ. ಹೆಂಗಸರು ಬಟ್ಟೆ ಬಿಟ್ಟು ಎದ್ದು ಓಡಿದರು. ದೋಣಿ ಒಗೆಯುವ ಕಲ್ಲನ್ನು ಹತ್ತಿ, ಕೊಡವನ್ನು ಚಪ್ಪಟೆ ಮಾಡಿ, ಮೂಗಿನ ಹಲಗೆ ಸೀಳಿಕೊಂಡು ನಿಂತಿತು. ಮಾವ ಆಗಲೂ ಎಳೆಯುತ್ತಲೇ ಇದ್ದ. ಬೆಲ್ಟು ಹರಿದದ್ದರಿಂದ ಬದುಕಿದೆವು.

ಯಾರಿಗೂ ಪೆಟ್ಟಾಗಲಿಲ್ಲ. ‘ತಿಳಿದೂ ತಿಳಿದೂ ಯಾಕ ಎಳದೆ?’ ಎಂದು ಮಾವನನ್ನು ಕೇಳಿದರೆ, ‘ಕೈ ಎಳೀತಲೇ, ನಾನಲ್ಲ’ ಎಂದಷ್ಟೇ ಹೇಳಿದ. ಸುದ್ದಿ ಮನೆಗೆ ನಮಗಿಂತ ಮೊದಲು ಮುಟ್ಟಿತ್ತು. ಅತ್ತೆ ಒಲೆಯ ಮುಂದೆ ಕೂತು, ಸೌದೆ ಎಷ್ಟು ಉಳಿದಿದೆ ಎಂದು ನೋಡುತ್ತಿದ್ದಳು. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು.

ಸೀಳಿದ ಹಲಗೆಗೆ ಬದಲು ಹಲಗೆ ತರಲು ಮಾರನೆಯ ದಿನ ಬಂಡಿಯಲ್ಲಿ ಸಿರುಗುಪ್ಪಕ್ಕೆ ಹೊರಟೆವು. ಬಂಡಿಯ ಮಾತು ಬಂತು. ನಮ್ಮಜ್ಜನನ್ನು, ಎಂದರೆ ಈ ಮಾವನ ಅಪ್ಪನನ್ನು, ನೆನೆಯದೆ ಮುಂದೆ ಹೋದರೆ ತಪ್ಪಾಗುತ್ತದೆ. ನನಗೆ ಮಾತು ಕಲಿಸಿದವನು ಅವನು. ಎತ್ತಿನ ಬಣ್ಣಕ್ಕೇ ಅವನ ಹತ್ತಿರ ಹದಿನೆಂಟು ಹೆಸರಿದ್ದವು. ಸಾಲೆಯ ಮೇಷ್ಟರು ಬಿಳಿ, ಕಪ್ಪು ಎಂಬೆರಡರಲ್ಲೇ ಮುಗಿಸುವಾಗ ನನಗೆ ಅವರ ಮೇಲೆ ಕನಿಕರವಾಗುತ್ತಿತ್ತು. ಬೇಸಿಗೆಯಲ್ಲಿ ಹೊಳೆ ಸಣ್ಣದಾದಾಗ ಅಜ್ಜ ಬಂಡಿಯನ್ನೇ ನೀರಿಗಿಳಿಸಿ ಆಚೆ ದಂಡೆಯ ನೆಂಟರೂರಿಗೆ ಹೋಗುತ್ತಿದ್ದ. ಒಂದು ಸಲ ಬಂಡಿಯಲ್ಲಿ ನಾನಿದ್ದೆ, ಹೊಸ ಸೊಸೆಯಾಗಿ ಬಂದಿದ್ದ ಹುಲಿಗೆಮ್ಮತ್ತೆಯೂ ಇದ್ದಳು. ಹೊಳೆಯ ನಡುವೆ ನೀರು ಗಾಲಿಯ ನಡುವಿನ ಗುಂಬಕ್ಕೆ ಬಂತು, ಎತ್ತುಗಳ ಹೊಟ್ಟೆಗೆ ಬಂತು. ಬಂಡಿ ಹಗುರಾಗಿ ಒಂದು ಮಗ್ಗುಲಿಗೆ ಸರಿಯತೊಡಗಿತು. ಅತ್ತೆ, ‘ಮಾವಾರ, ಹಗ್ಗ ಜಗ್ಗಿ ಹಿಡೀರಿ’ ಎಂದು ಅತ್ತೇಬಿಟ್ಟಳು. ಅಜ್ಜ ಇದ್ದ ಹಗ್ಗವನ್ನೂ ಎತ್ತುಗಳ ಬೆನ್ನ ಮೇಲೆ ಸಡಿಲ ಬಿಟ್ಟು, ಕೈಕಟ್ಟಿ ಕೂತ. ‘ನೆಲದಾಗ ಜಗ್ಗು, ತಾಯಿ. ಹೊಳ್ಯಾಗ ಜಗ್ಗಿದ್ರ ಎತ್ತು ನಿಂತು ಬಿಡ್ತಾವು. ನಿಂತ್ರ ನೀರು ಒಯ್ತೈತಿ’ ಎಂದ. ಎತ್ತುಗಳು ಮೂಗು ಮೇಲೆತ್ತಿ ಬುಸುಗುಡುತ್ತ ತಾವೇ ದಾರಿ ಹುಡುಕಿ ದಂಡೆ ಹತ್ತಿದವು. ಅತ್ತೆ ಮಾತ್ರ ಆ ದಿನದಿಂದ ಹೊಳೆಗೆ ಇಳಿದಿರಲಿಲ್ಲ.

ಇರಲಿ. ನಾನು ಹೇಳುತ್ತಿದ್ದುದು ಸಿರುಗುಪ್ಪದ ದಾರಿಯ ಬಂಡಿಯ ಮಾತು. ಹಗ್ಗ ಬಂಡಿ ಹೊಡೆಯುವವನ ಕೈಯಲ್ಲಿತ್ತು. ಮಾವ ಹಿಂದೆ ನನ್ನ ಪಕ್ಕದಲ್ಲಿ, ಮುಖ ಇಳಿಬಿಟ್ಟುಕೊಂಡು ಕೂತಿದ್ದ. ಎದುರಿಗೆ ಭತ್ತ ತುಂಬಿದ ಲಾರಿಯೊಂದು ತಿರುವಿನಲ್ಲಿ ಧುತ್ತೆಂದು ಬಂತು. ಆಗ ನೋಡಿದೆ. ಮಾವನ ಬಲಗೈ, ನೋಯುವ ಆ ಕೈ, ಏನೂ ಹಿಡಿದಿಲ್ಲದ ಕೈ, ಗಬಕ್ಕನೆ ಎದೆಯ ಕಡೆ ಬಂತು. ಇಲ್ಲದ ಹಗ್ಗವನ್ನು ಗಾಳಿಯಲ್ಲಿ ಜಗ್ಗಿತು. ಲಾರಿ ಹೋದ ಮೇಲೆ ಮೆಲ್ಲಗೆ ತೊಡೆಯ ಮೇಲೆ ಇಳಿಯಿತು. ಮಾವನಿಗೆ ಇದು ಯಾವುದೂ ಗೊತ್ತಿರಲಿಲ್ಲ.

ಗೋದಾವರಿಗೆ ಹೋಗುವ ಮೊದಲು ಇವನು ಬಂಡಿಯ ಮೇಲೆ ಬೆಳೆದವನು. ನಾವೆಲ್ಲರೂ ಹಾಗೇ. ನಮ್ಮ ಮೈಗೆ ನಿಲ್ಲು ಎಂಬುದಕ್ಕೆ ಒಂದೇ ಅರ್ಥ, ಎದೆಯ ಕಡೆ ಎಳೆಯುವುದು. ಟ್ರಾಕ್ಟರಿನ ಹಿಡಿಯನ್ನು ಎಲ್ಲೋ ಹೊರದೇಶದಲ್ಲಿ ಕೂತು ಮಾಡಿದವನ ಅಪ್ಪ ಎತ್ತು ಹೊಡೆದಿರಲಿಕ್ಕಿಲ್ಲ.

ಸಿರುಗುಪ್ಪದಲ್ಲಿ ಮಸ್ತಾನ್ ಸಾಬನಿಗೆ ಹೇಳಿದೆ. ಅವನಿಗೆ ಸುಲಭಕ್ಕೆ ಒಪ್ಪಿಗೆಯಾಗಲಿಲ್ಲ.

‘ಉಲ್ಟಾ ಮಾಡಬೇಕಂತೀಯೇನಪ್ಪಾ? ಎಲ್ಲಾ ಟ್ರಾಕ್ಟರೂ ಒಂದು ಕಡಿ, ನಿಮ್ಮ ಮಾವ ಒಂದು ಕಡಿ?’

‘ಟ್ರಾಕ್ಟರು ಮುಳುಗೂದಿಲ್ಲ, ಸಾಬರ. ಮಾವ ಮುಳುಗ್ತಾನ.’

‘ಅದೂ ಖರೆ’ ಎಂದು ಗಡ್ಡ ಕೆರೆದ.

ಇಬ್ಬರೂ ಸೇರಿ ಎರಡು ಹಿಡಿಗಳನ್ನು ಕಿತ್ತು ಒಂದು ಮಾಡಿದೆವು. ಚುಕ್ಕಾಣಿ ಬಿಟ್ಟರೆ ಉಳಿಯುವುದು ಒಂದೇ ಕೈ, ಅದಕ್ಕೆ ಎರಡು ಹಿಡಿ ಯಾಕೆ? ಮುಂದಕ್ಕೆ ದೂಡಿದರೆ ಮೊದಲು ಬೆಲ್ಟು ಬಿಗಿಯುತ್ತದೆ, ಇನ್ನೂ ದೂಡಿದರೆ ವೇಗ ಏರುತ್ತದೆ. ಎಳೆದರೆ ವೇಗ ಇಳಿದು ಬೆಲ್ಟು ಸಡಿಲಾಗುತ್ತದೆ. ಕೇಬಲ್ಲು ಬಿಟ್ಟು ಗಟ್ಟಿ ಸಲಾಕೆ ಹಾಕಿದೆವು. ಹಿಡಿಯನ್ನು ಗೇಣಿಗಿಂತ ಉದ್ದ ಬಿಡಲಿಲ್ಲ. ಬಲಮೊಣಕಾಲಿನ ಪಕ್ಕದ ಹಲಗೆಗೆ, ಹಾಯಿಹಗ್ಗ ಮುಟ್ಟದಷ್ಟು ಕೆಳಗೆ, ಮಾವನ ಕೈ ಭುಜ ಎತ್ತದೆ ಬೀಳುವ ಜಾಗಕ್ಕೆ ಕೂರಿಸಿದೆ. ತುದಿಗೆ ಲಾರಿಯ ಗೇರಿನ ಕೆಂಪು ಗುಂಡು. ಮಾವ ಕಣ್ಣು ಮುಚ್ಚಿ ಹಿಡಿದ, ದೂಡಿದ, ಎಳೆದ. ‘ಆಗ್ತೈತಿ’ ಎಂದ. ಆಮೇಲೆ ದನಿ ತಗ್ಗಿಸಿ, ‘ಆಗಬೇಕಲೇ. ಮನಿ ಮುಂದ ಕುಂತ್ರ ನಾನು ಬಾಳ ದಿನ ಇರೂದಿಲ್ಲ’ ಎಂದ. ಅವನು ಅಂಥ ಮಾತಾಡುವವನಲ್ಲ. ನಾನು ಗುಂಡನ್ನು ಇನ್ನೊಂದು ಸುತ್ತು ಬಿಗಿ ಮಾಡಿದೆ.

ಆಷಾಢ ಬಂತು. ಮೇಲೆ ಜಲಾಶಯದ ಬಾಗಿಲು ತೆಗೆದರು. ಹೊಳೆ ಕೆಂಪಗೆ, ಅಗಲಕ್ಕೆ, ದನಿ ಬದಲಿಸಿಕೊಂಡು ಹರಿಯತೊಡಗಿತು. ಅತ್ತೆ ಬೆಳಿಗ್ಗೆ ತಲೆಗೆ ಎರೆದುಕೊಂಡು, ಹಸಿರು ಸೀರೆ ಉಟ್ಟು, ಸೆರಗನ್ನು ಸೊಂಟಕ್ಕೆ ಗಂಟು ಹಾಕಿ ದಂಡೆಗೆ ಬಂದಳು. ದೇವರಿಗೆ ಕೈಮುಗಿದದ್ದು ಕಂಡಿತು. ಏನು ಬೇಡಿದಳೋ, ದೋಣಿ ಬರಲಿ ಎಂದೋ ಬರದಿರಲಿ ಎಂದೋ, ಕೇಳುವ ಧೈರ್ಯ ನನಗಾಗಲಿಲ್ಲ. ‘ನೀನೂ ಬಾ’ ಎಂದಳು ನನಗೆ. ‘ಎಂಜಿನ್ ಕೆಟ್ಟು ನಿಂತ್ರ ತಿರುವಾಕ ಬೇಕು. ಅಷ್ಟ. ಬಾಯಿ ಮುಚ್ಚಿಕೊಂಡು ಕುಂದ್ರು.’ ಮಸ್ತಾನ್ ಸಾಬ ದಂಡೆಯಲ್ಲೇ ಉಳಿದ. ‘ಈಜು ಬರಂಗಿಲ್ಲ ಅಣ್ಣಾ, ಇಲ್ಲಿಂದ ದುವಾ ಮಾಡ್ತೀನಿ’ ಎಂದ.

ನಾನು ನಡುವೆ ಎಂಜಿನ್ನಿನ ಪಕ್ಕ ಕೂತೆ. ಅತ್ತೆ ಗುಂಡಿಯ ಅಂಚಿಗೆ, ಮಾವನ ಎದುರಿಗೆ, ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಳು. ಕೈ ಹಾಕೂದಿಲ್ಲ ಎಂದ ಮಾತನ್ನು ಮೈಯಿಂದಲೇ ಕಟ್ಟಿಹಾಕಿದಂತಿತ್ತು.

ಹೋಗುವಾಗ ಹಾಯಿ. ಗಾಳಿ ತುಂಬಿದ ಜೇಬಿನ ಹಾಯಿ ನಮ್ಮನ್ನು ಓರೆಯಾಗಿ ಎತ್ತಿಕೊಂಡು ಹೋಗಿ ಆಚೆ ದಂಡೆಯ ಜಾಲಿಯ ಹತ್ತಿರ ಬಿಟ್ಟಿತು. ಮಾವ ದಂಡೆಯ ಮಣ್ಣು ಮುಟ್ಟಿ ಅತ್ತೆಗೆ ತೋರಿಸಿದ. ಅವಳು ತಲೆಯಾಡಿಸಿದಳು. ಅರ್ಧ ಕೆಲಸ ಮುಗಿದಿತ್ತು. ನಾನು ಎಂಜಿನ್ ತಿರುವಿದೆ. ಮಾವ ಹಾಯಿ ಇಳಿಸುವ ಹಗ್ಗ ಬಿಟ್ಟು, ಹಿಡಿಯನ್ನು ದೂಡಿದ.

ಹೊಳೆಯ ನಡುವೆ ಬಂದಾಗ ಇಳಿದ ಹಾಯಿ ಪೂರ್ತಿ ಇಳಿದಿಲ್ಲ ಎಂಬುದು ತಿಳಿಯಿತು. ಮೇಲಿನ ರಾಟೆಯಲ್ಲಿ ಹಗ್ಗ ಕಚ್ಚಿಕೊಂಡಿತ್ತು. ಕಂಬದ ಅರ್ಧಕ್ಕೆ ನೇತಾಡುತ್ತಿದ್ದ ಬಟ್ಟೆಗೆ ಗಾಳಿಯ ಒಂದು ಹೊಡೆತ ಬಂತು, ಅದು ಪಟ್ಟನೆ ಉಬ್ಬಿತು. ದೋಣಿ ಮೂಗು ತಿರುಗಿಸಿತು. ಎಂಜಿನ್ ಮೇಲಕ್ಕೆ ನೂಕುತ್ತಿದೆ, ಹಾಯಿ ಕೆಳಕ್ಕೆ ಎಳೆಯುತ್ತಿದೆ, ನೀರು ಹಾಯಿಯ ಪಕ್ಷ. ಕೆಳಗೆ, ತಿರುವಿನಾಚೆ, ಹಳೆಯ ಕಲ್ಲಿನ ಒಡ್ಡು. ಅದರ ಮೇಲೆ ನೀರು ಬೀಳುವ ಸದ್ದು ಆ ದಿನ ಎಂಜಿನ್ನಿನ ಸದ್ದಿನೊಳಗಿಂದಲೂ ಕೇಳುತ್ತಿತ್ತು. ತುಂಬಿದ ಹೊಳೆಯಲ್ಲಿ ಆ ಒಡ್ಡು ದಾಟಿದ ಹರಿಗೋಲಿನ ತೊಗಲು ಸಿಕ್ಕಿದ್ದುಂಟು, ಜನ ಸಿಕ್ಕಿದ್ದಿಲ್ಲ.

ನಾನು ಕಂಬದ ಕಡೆ ತೆವಳಿದೆ. ಟ್ಯೂಬು ಕೊಯ್ಯುವ ಚಾಕು ಸೊಂಟದಲ್ಲಿತ್ತು. ತೆವಳುತ್ತಿರುವಾಗಲೇ ಎಂಜಿನ್ನಿನ ದನಿ ಇಳಿಯಿತು. ತಿರುಗಿ ನೋಡಿದೆ. ಮಾವನ ಕಣ್ಣು ಒಡ್ಡಿನ ಕಡೆ ನೆಟ್ಟಿದೆ. ಬಲಗೈ ಕೆಂಪು ಗುಂಡನ್ನು ಎದೆಯ ಕಡೆ ಎಳೆದು ಹಿಡಿದಿದೆ. ಬೆಲ್ಟು ಸಡಿಲಾಗಿ ಸುಮ್ಮನೆ ಜೋಲುತ್ತಿದೆ. ಪಂಖ ನಿಂತಿದೆ. ಎಳೆದರೆ ನಿಲ್ಲಬೇಕು ಎಂದು ನಾನೇ ಮಾಡಿದ ಹಿಡಿ, ಮಾಡಿದ ಹಾಗೇ ಕೆಲಸ ಮಾಡಿತ್ತು. ನಿಂತದ್ದು ಎಂಜಿನ್ ಮಾತ್ರ, ಹೊಳೆಯಲ್ಲ. ನಾವು ಅಡ್ಡಡ್ಡಲಾಗಿ ಜಾರುತ್ತಿದ್ದೆವು.

‘ಮಾವ, ದೂಡು’ ಎಂದು ಕೂಗಿದೆ. ಗಾಳಿ ಅದನ್ನು ಅವನವರೆಗೆ ಒಯ್ಯಲಿಲ್ಲ. ಒಯ್ದಿದ್ದರೂ ಆ ಕೈ ಕೇಳುತ್ತಿರಲಿಲ್ಲ.

ಅತ್ತೆ ಅವನ ಮುಖ ನೋಡಿದಳು. ಒಡ್ಡಿನ ಕಡೆ ನೋಡಲೇ ಇಲ್ಲ. ತೊಡೆಯ ಕೆಳಗಿನಿಂದ ಒಂದು ಕೈ ತೆಗೆದು ಅವನ ಕೈಯ ಮೇಲಿಟ್ಟಳು. ಕಿತ್ತಾಡಲಿಲ್ಲ, ಕೂಗಲಿಲ್ಲ. ಮನೆಯಲ್ಲಿ ಅನ್ನ ಬಡಿಸುವಾಗ ‘ಇನ್ನಿಷ್ಟು ಹಾಕ್ಲೇನ್ರಿ’ ಎಂದು ಕೇಳುವ ದನಿಯಲ್ಲಿ ಹೇಳಿದಳು:

‘ಹೊಳ್ಯಾಗ ಅದೀವಿ. ಹಗ್ಗ ಬಿಡ್ರಿ.’

ಮಾವ ಬೆಚ್ಚಿದವನಂತೆ ಅವಳನ್ನು ನೋಡಿದ. ಅವನ ಬೆರಳುಗಳು ಸಡಿಲಾದದ್ದು ನನಗೆ ಕಂಡಿತು. ಎರಡು ಕೈಯೂ ಕೂಡಿ ಕೆಂಪು ಗುಂಡು ಮುಂದಕ್ಕೆ ಹೋಯಿತು. ಹೋಗಿ ಹಲಗೆಗೆ ತಾಗಿ ನಿಂತಿತು. ಬೆಲ್ಟು ಬಿಗಿಯಿತು. ನನ್ನ ಬೆನ್ನ ಹಿಂದೆ ಎಂಜಿನ್ ಎದ್ದು ಕೂಗಿತು. ನಾನು ಹಾಯಿಹಗ್ಗಕ್ಕೆ ಚಾಕು ಹಾಕಿದೆ. ಹೊಸ ಹಗ್ಗ, ಬೇಗ ಹರಿಯಲಿಲ್ಲ. ಕೊನೆಯ ಎಳೆ ಹರಿದಾಗ ಹಾಯಿ ನನ್ನ ತಲೆಯ ಮೇಲೇ ಬಿತ್ತು. ಮುಂದಿನ ಸ್ವಲ್ಪ ಹೊತ್ತು ಏನಾಯಿತು ಎಂಬುದನ್ನು ನಾನು ನೋಡಿಲ್ಲ. ದಪ್ಪಬಟ್ಟೆಯ ಕತ್ತಲಲ್ಲಿ, ಎಲೆ ಅಡಿಕೆಯ ವಾಸನೆಯಲ್ಲಿ, ಒಡ್ಡಿನ ಸದ್ದು ಹತ್ತಿರವಾಗುತ್ತಿದೆಯೋ ದೂರವಾಗುತ್ತಿದೆಯೋ ಎಂದು ಮೈಯೆಲ್ಲ ಕಿವಿ ಮಾಡಿಕೊಂಡು ಕೂತಿದ್ದೆ. ಹತ್ತಿರವೂ ಆಗಲಿಲ್ಲ, ದೂರವೂ ಆಗಲಿಲ್ಲ. ಅಲ್ಲೇ ನಿಂತಂತಿತ್ತು. ಆಮೇಲೆ, ಯಾರೋ ಬಾಗಿಲನ್ನು ಮೆಲ್ಲಮೆಲ್ಲಗೆ ಮುಚ್ಚಿದ ಹಾಗೆ, ಕಡಿಮೆಯಾಗತೊಡಗಿತು.

ಬಟ್ಟೆ ಸರಿಸಿ ಹೊರಬಂದಾಗ ಇಬ್ಬರೂ ಹಾಗೇ ಇದ್ದರು. ಮಾವನ ಎಡಗೈ ಚುಕ್ಕಾಣಿಯ ಮೇಲೆ, ಕಣ್ಣು ದಂಡೆಯ ಮೇಲೆ. ಬಲಗೈ ಗುಂಡಿನ ಮೇಲೆ, ಅದರ ಮೇಲೆ ಅತ್ತೆಯ ಕೈ. ಒಗೆಯುವ ಕಲ್ಲುಗಳು ಸಮೀಪಿಸಿದಾಗ ಅವಳು ತನ್ನ ಕೈ ತೆಗೆದಳು. ‘ಈಗ ಜಗ್ಗ್ರಿ, ನೆಲ ಬಂತು’ ಎಂದಳು. ಮಾವ ಎಳೆದ. ದೋಣಿ ಕಲ್ಲಿಗೆ ಬೆರಳಿನಷ್ಟು ದೂರದಲ್ಲಿ, ಕರು ಮೂಸಿದಂತೆ, ಬಂದು ನಿಂತಿತು.

ದಂಡೆಯ ಮೇಲೆ ಮಸ್ತಾನ್ ಸಾಬ ದುವಾಕ್ಕೆ ಎತ್ತಿದ ಕೈಗಳನ್ನು ಇನ್ನೂ ಇಳಿಸಿರಲಿಲ್ಲ. ಮಾವ ಇಳಿಯಲಿಲ್ಲ. ಎಂಜಿನ್ ಬಂದ್ ಮಾಡಿಸಿದ. ಬಾಗಿ, ಬಿದ್ದ ಹಾಯಿಯನ್ನು ಒಂದೇ ಕೈಯಲ್ಲಿ ಮಡಿಸತೊಡಗಿದ. ಜೇಬಿನಿಂದ ಎಲೆ ಅಡಿಕೆಯ ಚೀಲ ತೆಗೆದು ಪಕ್ಕಕ್ಕಿಟ್ಟ. ಹಾಯಿಯನ್ನು ಕಂಬಕ್ಕೆ ಕಟ್ಟಿದ್ದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದ.

‘ಏನು ಮಾಡಾಕತ್ತೀರಿ?’ ಎಂದಳು ಅತ್ತೆ.

‘ಕೈ ಹಚ್ಚಿದಿ’ ಎಂದ ಮಾವ, ತಲೆ ಎತ್ತದೆ. ‘ನಾನೊಬ್ಬನ ತರಲಿಲ್ಲ. ಮಾತು ಮಾತ. ಬಟ್ಟಿ ನನಗಿರಲಿ, ಹಾಸಿಕೊಳ್ತೀನಿ. ಕಟ್ಟಿಗಿ ನಿಂದು.’

ಅತ್ತೆ ಗುಂಡಿಯ ಅಂಚಿನಿಂದ ಏಳಲಿಲ್ಲ. ಒದ್ದೆಯಾದ ಸೆರಗಿನ ಗಂಟು ಬಿಚ್ಚಿ ಹಿಂಡಿದಳು. ಹಿಂಡಿದ್ದನ್ನೇ ಮತ್ತೆ ಮತ್ತೆ ಹಿಂಡಿದಳು. ಆಮೇಲೆ ಕೂತಲ್ಲಿಂದಲೇ ಬಗ್ಗಿ, ಮಾವನ ಮೊಣಕಾಲಿನಾಚೆಗಿದ್ದ ಕೆಂಪು ಗುಂಡಿನ ಕಡೆ ಕೈಚಾಚಿ ನೋಡಿದಳು. ಮೈ ಪೂರ್ತಿ ಬಾಗಿದರೂ ಬೆರಳ ತುದಿಯಷ್ಟೇ ತಾಗಿತು.

‘ಲೇ ಸಿದ್ಲಿಂಗ’ ಎಂದಳು ನನ್ನ ಕಡೆ ತಿರುಗಿ. ‘ಇದು ನನಗ ಬಾಳ ದೂರ ಆಗ್ತೈತಿ. ಇದನ್ನ ಕಿತ್ತು ಈ ಕಡಿ ಹಚ್ಚು.’

ಮಾವನ ಕೈ ಗಂಟಿನ ಮೇಲೆ ನಿಂತಿತು. ಸ್ವಲ್ಪ ಹೊತ್ತು ಅದು ಬಿಚ್ಚಲೂ ಇಲ್ಲ, ಕಟ್ಟಲೂ ಇಲ್ಲ. ನಾನು ಸ್ಪ್ಯಾನರ್ ಹುಡುಕುವ ನೆವದಲ್ಲಿ ಬೇರೆ ಕಡೆ ಮುಖ ಮಾಡಿದೆ. ತಿರುಗಿ ನೋಡಿದಾಗ ಅವನು ಬಿಚ್ಚಿದ ಗಂಟುಗಳನ್ನು ಮತ್ತೆ ಹಾಕುತ್ತಿದ್ದ. ಒಂದು ತುದಿ ಅವನ ಹಲ್ಲಿನಲ್ಲಿತ್ತು, ಇನ್ನೊಂದನ್ನು ಅತ್ತೆ ಹಿಡಿದುಕೊಂಡಿದ್ದಳು.